ಹಸಿರು ಚೀಲದ ಕ್ಯಾಸೆಟ್

ಪಾಣೆಮಂಗಳೂರು
12 ಫೆಬ್ರವರಿ 2008, ಮಂಗಳವಾರ

ಮುದ್ದಿನ ತೃಷಾ,

ಹಾಸ್ಟೆಲಿನ ಸಾರಿಗೆ ಈಗಲಾದರೂ ಉಪ್ಪು ಬೀಳುತ್ತಿದೆಯಾ, ತಲೆಗೆ ಎಣ್ಣೆ ಹಾಕುತ್ತೀಯಾ ಎಂದೆಲ್ಲ ಕೇಳಿ ಪತ್ರ ಶುರು ಮಾಡುವುದು ನನ್ನ ಅಭ್ಯಾಸ. ಇವತ್ತು ಅದಕ್ಕೆ ತಾಳ್ಮೆ ಇಲ್ಲ. ನೀನು ಕೇಳಿದ ಪರ್ಸ್ ಮುಗಿದಿದೆ. ಈ ಪತ್ರದ ಜೊತೆ ಮೂಡುಬಿದಿರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಗೆಳತಿಯರಿಗೆಲ್ಲ ಈಗ ಹಳೆ ಕಾಲದ ಸಾಮಾನಿನ ಮರುಳು ಹಿಡಿದಿದೆ ಎಂದು ನೀನು ಬರೆದಿದ್ದೆ. ಒಬ್ಬಳ ಕೀಲಿಗೊಂಚಲಲ್ಲಿ ಡಯಲ್ ಫೋನು, ಇನ್ನೊಬ್ಬಳ ಚೀಲದ ಮೇಲೆ ರೇಡಿಯೊ, ನಿನಗೆ ಮಾತ್ರ ಕ್ರೋಶಾದಲ್ಲಿ ಹೆಣೆದ, ಝಿಪ್ ಇರುವ ಕ್ಯಾಸೆಟ್ ಪರ್ಸೇ ಆಗಬೇಕು. ನಾನು ಬಳಸಿದ ವಸ್ತು ನನ್ನ ಕಣ್ಣೆದುರೇ ಮ್ಯೂಸಿಯಮ್ಮಿಗೆ ಹೋಯಿತಲ್ಲ ಎಂದು ಓದಿ ನಕ್ಕೆ. ಮೈಗೆ ಕಪ್ಪು ನೂಲು, ನಡುವೆ ಲೇಬಲ್ಲಿಗೆ ಹಾಲಿನ ಬಣ್ಣದ ಪಟ್ಟಿ, ಅದರಲ್ಲಿ ಎರಡು ಗಾಲಿ. ಗಾಲಿಯ ಒಳಗಿನ ಹಲ್ಲುಗಳನ್ನು ಮೂರು ಸಲ ಬಿಚ್ಚಿ ಹೆಣೆದೆ. ಝಿಪ್ ನಿನ್ನ ಏಳನೇ ಕ್ಲಾಸಿನ ಫ್ರಾಕಿನದ್ದು, ಇನ್ನೂ ಗಟ್ಟಿಯಾಗಿದೆ. ನಿಜವಾದ ಕ್ಯಾಸೆಟಿಗಿಂತ ಇದು ಎರಡು ಬೆರಳು ಉದ್ದ. ಅಳತೆ ತಪ್ಪಿತು ಎಂದುಕೊಳ್ಳಬೇಡ, ಬೇಕೆಂದೇ ಹಾಗೆ ಮಾಡಿದ್ದೇನೆ.

ನಿನ್ನ ಪತ್ರದಲ್ಲಿ ಪರ್ಸಿನ ವಿಷಯ ಮೂರು ಪುಟ. ನಾಲ್ಕನೆಯ ಪುಟದ ಕೊನೆಯಲ್ಲಿ, ಜಾಗ ಮುಗಿಯುವಾಗ, ಸಣ್ಣ ಅಕ್ಷರದಲ್ಲಿ ಉಳಿದ ಮಾತು. ನಿನ್ನ ಅಪ್ಪ ಗಲ್ಫ್ ಬಿಟ್ಟು ಬಂದಿದ್ದಾರೆ, ಹಾಸ್ಟೆಲಿನ ಗೇಟಿಗೆ ಕಾರಿನಲ್ಲಿ ಬಂದು ನಿನ್ನನ್ನು ಕಂಡರು, ಕಪ್ಪು ಕನ್ನಡಕ ತೆಗೆದು ಇಲ್ಲದ ಕಣ್ಣು ತೋರಿಸಿದರು. ದಮ್ಮಾಮಿನಲ್ಲಿ ಕೆಲಸ ಮಾಡುವಾಗ ಕಬ್ಬಿಣದ ತುಂಡು ಹಾರಿ ಹೋಯಿತಂತೆ. ನೀನು ಅಲ್ಲೇ ಅತ್ತುಬಿಟ್ಟೆಯಂತೆ. ಭಾನುವಾರ ಅವರ ಜೊತೆ ಕೊಕ್ಕಡದ ಮನೆಗೆ ಹೋಗುತ್ತೇನೆ, ಸರಿ ಕಂಡರೆ ಮುಂದೆ ಅಲ್ಲೇ ಇರುತ್ತೇನೆ ಎಂದು ಬರೆದಿದ್ದೀ. ಅಂಥವರನ್ನು ಯಾಕೆ ಬಿಟ್ಟು ಬಂದೆ ಎಂದು ನೀನು ಒಂದು ದಿನವೂ ಹೇಳಲಿಲ್ಲ ಅಮ್ಮ, ಎಂದೂ ಬರೆದಿದ್ದೀ. ಹೇಳಲಿಲ್ಲ, ನಿಜ. ಭಾನುವಾರಕ್ಕೆ ಮೊದಲು ಹೇಳಲೇಬೇಕಾಗಿದೆ.

ಮೊದಲು ನನ್ನ ಸುಳ್ಳುಗಳನ್ನು ಹೇಳಿಬಿಡುತ್ತೇನೆ. ನನ್ನ ಎಡಗಿವಿ ಕೇಳಿಸದಿರುವುದು ಜ್ವರದಿಂದ ಅಲ್ಲ. ನಿನ್ನ ಗಲ್ಲದ ಮೇಲಿನ ಗಾಯದ ಗುರುತು ಉಯ್ಯಾಲೆಯಿಂದ ಬಿದ್ದು ಆದದ್ದಲ್ಲ. ನಮ್ಮ ಮನೆಗೆ ಟೇಪ್ ರೆಕಾರ್ಡರ್ ಬಾರದೆ ಇದ್ದದ್ದು ನನಗೆ ತಲೆನೋವು ಬರುತ್ತದೆಂದಲ್ಲ.

ನಿನಗೆ ಮೂರು ವರ್ಷ ಆಗುವಾಗ ಅಪ್ಪ ಎರಡು ತಿಂಗಳ ರಜೆಯಲ್ಲಿ ಬಂದಿದ್ದರು. ಇಡೀ ಊರಿಗೆ ಸಾಬೂನು, ಸೆಂಟು ಹಂಚಿದರು. ಜಗಲಿಯಲ್ಲಿ ಕೂತವರಿಗೆಲ್ಲ ಅವರಷ್ಟು ಒಳ್ಳೆಯವರಿಲ್ಲ. ಮೀನಿನ ಸಾರಿಗೆ ಹುಳಿ ಹೆಚ್ಚಾಯಿತೆಂದು ನನ್ನ ಅಂಗೈಯನ್ನು ಕಾದ ಕಾವಲಿಗೆ ಒತ್ತಿ ಹಿಡಿದದ್ದು ಅದೇ ರಜೆಯಲ್ಲಿ. ಅಂಗಿಯ ಗುಂಡಿ ಬಿದ್ದದ್ದಕ್ಕೆ ಬೆಲ್ಟು, ತಿರುಗಿ ಮಾತಾಡಿದ್ದಕ್ಕೆ ಬಾವಿಕಟ್ಟೆಗೆ ತಲೆ. ನಿನ್ನ ಅಜ್ಜಿ ರಾಜೀವಿ ಆಗೆಲ್ಲ ಎದುರಿನ ಬಾಗಿಲು ಹಾಕಿ ಅಂಗಳ ಗುಡಿಸಲು ಹೋಗುತ್ತಿದ್ದರು. ಅಷ್ಟು ಚೊಕ್ಕವಾದ ಅಂಗಳ ಕೊಕ್ಕಡದಲ್ಲಿ ಬೇರೆ ಇರಲಿಲ್ಲ.

ನನಗಿದ್ದ ಒಂದೇ ಜೊತೆ ಪಕ್ಕದ ಮನೆಯ ಸೊಸೆ, ನಿನ್ನ ಶಹನಾಝ್ ಚಿಕ್ಕಮ್ಮ. ನಮಾಜಿನ ಬಿಳಿ ತೊಪ್ಪಿ ಹೆಣೆಯುವುದನ್ನು ಅವಳು ನನಗೆ ಕಲಿಸಿದಳು, ಒಂದು ಉಕ್ಕಿನ ಕ್ರೋಶಾ ಕಡ್ಡಿಯನ್ನೂ ಕೊಟ್ಟಳು. ಕೆಲಸದ ನಡುವೆ ಕಡ್ಡಿಯನ್ನು ತುರುಬಿಗೆ ಸಿಕ್ಕಿಸಿಕೊಳ್ಳುವುದು ಅವಳಿಂದಲೇ ಬಂದ ಅಭ್ಯಾಸ, ನೀನು ಈಗಲೂ ನೋಡಿ ನಗುತ್ತೀಯಲ್ಲ, ಅದು. ಮುಂದಿನ ವರ್ಷ ಅವಳ ಗಂಡ ಹನೀಫಾ ಅವಳನ್ನು ದಮ್ಮಾಮಿಗೆ ಕರೆಸಿಕೊಂಡರು. ನಾನು ಬರೆದ ಪತ್ರವನ್ನೆಲ್ಲ ಅತ್ತೆ ಯಾರಿಂದಲಾದರೂ ಓದಿಸಿ ಕೇಳದೆ ಪೋಸ್ಟಿಗೆ ಹಾಕಲು ಬಿಡುತ್ತಿರಲಿಲ್ಲ. ಹಾಗಾಗಿ ಶಹನಾಝ್‌ಗೆ ಕ್ಯಾಸೆಟಿನಲ್ಲಿ ಮಾತಾಡಿ ಕಳಿಸುವ ಎಂದು ಯೋಚಿಸಿದೆ.

ಆಗ ಎಲ್ಲರ ಮನೆಯಿಂದಲೂ ಕ್ಯಾಸೆಟ್ ಹೋಗುತ್ತಿತ್ತು. ರಜೆ ಮುಗಿಸಿ ಹೊರಟವರ ಪೆಟ್ಟಿಗೆಯಲ್ಲಿ ಹತ್ತು ಮನೆಯ ಸ್ವರ ಇರುತ್ತಿತ್ತು. ದಾರಿಯಲ್ಲಿ ಗೀರು ಬೀಳಬಾರದೆಂದು ನಾನು ಅವುಗಳಿಗೆ ಕ್ರೋಶಾದ ಸಣ್ಣ ಚೀಲ ಹೆಣೆಯುತ್ತಿದ್ದೆ. ಆ ಸಲ ಎರಡು ಹೆಣೆದೆ. ನೀಲಿಯದರಲ್ಲಿ ನಿನ್ನ ಅಪ್ಪನಿಗೆ ಕಳಿಸುವುದು, ನಾವೆಲ್ಲ ಕ್ಷೇಮ ಎಂದು ಅತ್ತೆಯ ಎದುರು ಮಾತಾಡಿದ್ದು. ಹಸಿರಿನದರಲ್ಲಿ ಶಹನಾಝ್‌ಗೆ. ಅದರ ಒಂದು ಬದಿಯಲ್ಲಿ ಆರು ಸರಪಳಿ, ಮೂರು ಕಂಬ ಎಂದು ತೊಪ್ಪಿಯ ಹೆಣಿಗೆ ಹೇಳಿದ್ದೆ, ಅತ್ತೆ ಕೇಳಿ ಆಕಳಿಸಿದ್ದರು. ಇನ್ನೊಂದು ಬದಿಯಲ್ಲಿ, ಅವರು ಸಂತೆಗೆ ಹೋದ ದಿನ, ಕಾವಲಿ, ಬೆಲ್ಟು, ಬಾವಿಕಟ್ಟೆ ಎಲ್ಲವನ್ನೂ ಹೇಳಿದ್ದೆ. ಈ ಮನುಷ್ಯ ಅಲ್ಲಿಂದ ತಿರುಗಿ ಬಾರದಿದ್ದರೆ ಸಾಕು ಎಂದೂ ಹೇಳಿದ್ದೆ. ಚೀಲದ ಮೇಲೆ ಹೆಸರು ಬರೆಯಲಿಲ್ಲ. ನನಗೆ ಬಣ್ಣ ಗೊತ್ತುಂಟಲ್ಲ, ಕೊಂಡುಹೋಗುವ ಮೂಸಬ್ಬರಿಗೂ ಹೇಳಿದ್ದೇನೆ, ಅಷ್ಟು ಸಾಕು ಎಂದುಕೊಂಡೆ.

ಮೂಸಬ್ಬ ಬರುವ ಹೊತ್ತಿಗೆ ನಾನು ನಿನಗೆ ಸ್ನಾನ ಮಾಡಿಸುತ್ತಿದ್ದೆ. ಕ್ಯಾಸೆಟ್ ತೆಗೆದುಕೊಟ್ಟದ್ದು ಅತ್ತೆ. ಹಸಿರು ಚೀಲದ ಅಂಚಿಗೆ ನಾನು ಸಣ್ಣ ಹೂ ಹೆಣೆದಿದ್ದೆ. ಮಗನಿಗೆ ಚಂದದ್ದು ಹೋಗಲಿ, ಬೇರೆಯವರಿಗೆ ನೀಲಿ ಸಾಕು ಎಂದು ಅವರು ಹಸಿರನ್ನೇ ಮಗನಿಗೆಂದು ಕೊಟ್ಟರು. ಮನೆಯ ಹಿರಿಯರ ಮಾತೆಂದು ಮೂಸಬ್ಬ ಹಾಗೇ ತೆಗೆದುಕೊಂಡು ಹೋದರು. ಒಳಗಿನ ಕ್ಯಾಸೆಟ್ ಬದಲಿಸಲು ಅವರಿಗೆ ತೋಚಲಿಲ್ಲ. ಸಂಜೆ ಅದನ್ನು ಹೆಮ್ಮೆಯಿಂದ ನನಗೆ ಹೇಳಿದರು. ಹೂ ಹೆಣೆದ ನನ್ನ ಕೈಗೆ ನಾನೇ ಹೊಡೆದುಕೊಂಡೆ.

ಅಪ್ಪನ ಕೋಣೆಯಲ್ಲಿ ಎಂಟು ಜನ. ಯಾರ ಮನೆಯಿಂದ ಕ್ಯಾಸೆಟ್ ಬಂದರೂ ಎಲ್ಲರೂ ಕೂತು ಕೇಳುವುದು ಅಲ್ಲಿನ ಕ್ರಮ, ಊರಿನ ಸ್ವರ ಎಲ್ಲರಿಗೂ ಬೇಕಲ್ಲ. ಆ ಶುಕ್ರವಾರ ಹನೀಫಾ ಕೂಡ ಅಲ್ಲಿದ್ದರಂತೆ. ಮೊದಲ ಬದಿಯ ಸರಪಳಿ, ಕಂಬ ಕೇಳಿ ಎಲ್ಲರೂ ನಕ್ಕರಂತೆ. ಇನ್ನೊಂದು ಬದಿ ಹಾಕಿದಾಗ ಮೆಷಿನ್ ಬಂದ್ ಮಾಡಲು ಎದ್ದದ್ದು ಹನೀಫಾ ಒಬ್ಬರೇ. ಅಪ್ಪ ಅವರ ಕೈ ಹಿಡಿದು ಕೂರಿಸಿ ಕೊನೆಯವರೆಗೆ ಕೇಳಿದರಂತೆ. ಇದನ್ನೆಲ್ಲ ತಿಳಿಸಿ, ಜಾಗ್ರತೆ, ಮನೆ ಬಿಟ್ಟು ಹೋಗು ಎಂದು ಶಹನಾಝ್ ತನ್ನ ತಾಯಿಮನೆಯ ವಿಳಾಸಕ್ಕೆ ಬರೆದ ಪತ್ರ ನನಗೆ ತಲುಪಿತು. ಆದರೆ ಅಪ್ಪ ಬಂದು ಒಂಬತ್ತು ದಿನ ಆದ ಮೇಲೆ.

1994ರ ಏಪ್ರಿಲ್, ಮಧ್ಯಾಹ್ನ ಊಟದ ಹೊತ್ತು. ಒಂದು ಕೈಚೀಲ ಹಿಡಿದು ಬಂದರು. ನನ್ನನ್ನು ನೋಡಿ ನಕ್ಕರು, ಅನ್ನ ಬಡಿಸಲು ಹೇಳಿ ಉಂಡರು. ಅತ್ತೆ ಎಂದಿನಂತೆ ಬಾಗಿಲು ಹಾಕಿ ಹೊರಗೆ ಹೋದರು. ಅಪ್ಪ ಕೈ ತೊಳೆದು, ಟೇಪ್ ರೆಕಾರ್ಡರನ್ನು ಮೇಜಿನ ಮೇಲಿಟ್ಟು, ಹಸಿರು ಚೀಲದಿಂದ ಕ್ಯಾಸೆಟ್ ತೆಗೆದು ಹಾಕಿದರು. ನನ್ನ ಸ್ವರ ಶುರುವಾಯಿತು. ಒಂದು ಮಾತು ಮುಗಿಯುವಾಗ ನಿಲ್ಲಿಸಿದರು. ಕೆನ್ನೆಗೆ ಹೊಡೆದರು. ಪುನಃ ಒತ್ತಿದರು, ಇನ್ನೊಂದು ಮಾತು, ಪುನಃ ನಿಲ್ಲಿಸಿದರು. ನನಗೆ ಮುಂದಿನ ಮಾತು ಯಾವುದೆಂದು ಗೊತ್ತು, ಅದು ಬಾರದಿರಲಿ ಎಂದು ನನ್ನ ಸ್ವರವನ್ನೇ ನಾನು ಬೇಡಿಕೊಂಡೆ. ಮುಷ್ಟಿಯಿಂದ, ಮೊಣಕಾಲಿನಿಂದ, ಹಲ್ಲು ಒಂದು ಬಿತ್ತು, ಎರಡು ಬೆರಳು ಮುರಿಯಿತು. ಕೊನೆಗೆ ಬಂತು, ಅವರು ತಿರುಗಿ ಬಾರದಿದ್ದರೆ ಸಾಕು ಎಂಬ ಮಾತು. ಅದಕ್ಕೆ ಅವರು ನಿಲ್ಲಿಸಲಿಲ್ಲ, ಮೆಷಿನನ್ನೇ ಎತ್ತಿ ನನ್ನ ಎಡಗಿವಿಯ ಮೇಲೆ ಬಡಿದರು. ಆ ಬದಿಯಲ್ಲಿ ಅಂದಿನಿಂದ ನನಗೆ ಏನೂ ಕೇಳಿಸುವುದಿಲ್ಲ.

ಒಡೆದ ಮೆಷಿನಿನಿಂದ ಟೇಪು ಸುರುಳಿಯಾಗಿ ಹೊರಗೆ ಬಿದ್ದಿತ್ತು. ಅದನ್ನು ಕೈಗೆ ಸುತ್ತಿ ನನ್ನ ಕುತ್ತಿಗೆಗೆ ಹಾಕಿ ಎಳೆದರು. ಅದು ಉದ್ದ ಆಗುತ್ತಾ ಹೋಯಿತೇ ಹೊರತು ತುಂಡಾಗಲಿಲ್ಲ. ಕಣ್ಣು ಕಪ್ಪಿಟ್ಟು ಬರುವಾಗ ನೀನು ಒಳಕೋಣೆಯಿಂದ ಓಡಿ ಬಂದು ಅವರ ಕಾಲು ಹಿಡಿದುಕೊಂಡೆ. ಅವರು ನಿನ್ನನ್ನು ಕಾಲಿನಿಂದ ಎತ್ತಿ ಎಸೆದರು. ಹೊಸ್ತಿಲಿಗೆ ನಿನ್ನ ಗಲ್ಲ ಬಡಿಯಿತು. ನಿನಗೆ ಆಗ ನಾಲ್ಕು ವರ್ಷ, ಮಗಾ.

ಇನ್ನು ಮುಂದಿನದ್ದನ್ನು ಬರೆಯಲಿಕ್ಕೆ ಬೆಳಗಿನಿಂದ ಮೂರು ಹಾಳೆ ಹರಿದೆ. ಅವರು ನನ್ನನ್ನು ಬಿಟ್ಟು ನಿನ್ನ ಕಡೆ ಹೋಗಿ ಬಗ್ಗಿದರು. ಎತ್ತಿಕೊಳ್ಳಲು ಬಗ್ಗಿದರೋ, ಇನ್ನೊಮ್ಮೆ ಎಸೆಯಲೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವವರೆಗೆ ನಾನು ಕಾಯಲಿಲ್ಲ. ತುರುಬಿನಿಂದ ಕಡ್ಡಿ ಎಳೆದೆ, ಅವರ ಹೆಸರು ಹಿಡಿದು ಕರೆದೆ. ಮದುವೆಯಾದ ಏಳು ವರ್ಷದಲ್ಲಿ ಅದೇ ಮೊದಲು. ಅವರು ಮುಖ ತಿರುಗಿಸಿದರು. ನಾನು ಕಣ್ಣಿಗೆ ಚುಚ್ಚಿದೆ. ಕ್ರೋಶಾ ಕಡ್ಡಿಯ ತುದಿಯಲ್ಲಿ ಕೊಕ್ಕೆ ಇರುತ್ತದೆ, ನಿನಗೆ ಗೊತ್ತಲ್ಲ. ಒಳಗೆ ಹೋದದ್ದು ಸುಮ್ಮನೆ ಹೊರಗೆ ಬರುವುದಿಲ್ಲ. ನಾನು ಎಳೆದೆ. ಅವರ ಆ ಕೂಗು ಈಗಲೂ ಕಿವಿಯಲ್ಲಿದೆ, ಕೇಳದ ಕಿವಿಯಲ್ಲಿ ಕೂಡ. ಪಶ್ಚಾತ್ತಾಪ ಉಂಟಾ ಎಂದು ಕೇಳಿದರೆ, ಇಲ್ಲ. ಭಯ ಉಂಟು, ನನ್ನ ಕೈಯ ಬಗ್ಗೆ.

ನಿನ್ನನ್ನು ಸೊಂಟದ ಮೇಲಿಟ್ಟುಕೊಂಡು ಹೊರಟೆ. ಅಂಗಳದಲ್ಲಿ ಅತ್ತೆ ಪೊರಕೆ ಹಿಡಿದು ನಿಂತಿದ್ದರು, ತಡೆಯಲಿಲ್ಲ. ರಸ್ತೆಯಲ್ಲಿ ಬಂದ ಸರ್ವಿಸ್ ಜೀಪಿನಲ್ಲಿ ಕೂತವರು ಸರಿದು ಜಾಗ ಕೊಟ್ಟರು. ಪಾಣೆಮಂಗಳೂರಿನಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಮನೆ, ಶಹನಾಝ್‌ಳ ತಾಯಿ ಆಸ್ಯಮ್ಮನದ್ದು. ಬಾಗಿಲು ತೆಗೆದವರು ನನ್ನ ಸೆರಗು ನೋಡಿದರು, ನಿನ್ನ ಗಲ್ಲ ನೋಡಿದರು.

“ಯಾರ ರಕ್ತ ಅಂತ ನಾನು ಕೇಳುವುದಿಲ್ಲ. ಮೊದಲು ಮಗುವಿಗೆ ಗಂಜಿ ಕೊಡುವ, ಆಮೇಲೆ ಡಾಕ್ಟರ್ ಹತ್ತಿರ ಹೋಗುವ,” ಎಂದರು. ಇವತ್ತಿನವರೆಗೂ ಅವರು ಕೇಳಲಿಲ್ಲ. ನೀನು ಬೆಳೆದದ್ದು ಆ ಮನೆಯ ಹಿಂದಿನ ಕೋಣೆಯಲ್ಲಿ.

ಪೊಲೀಸರು ಬರುತ್ತಾರೆಂದು ಹದಿನೈದು ದಿನ ಕಾದೆ. ಬಂದದ್ದು ನಿನ್ನ ಅಜ್ಜ ಚಿನ್ನಯ್ಯ, ಒಬ್ಬರೇ. ಹೆಂಡತಿ ಕಣ್ಣು ತೆಗೆದಳು ಎಂದು ನಾಲ್ಕು ಜನರ ಎದುರು ಹೇಳಿಕೊಳ್ಳುವುದಕ್ಕಿಂತ ಕಬ್ಬಿಣದ ತುಂಡು ಹಾರಿತು ಎನ್ನುವುದು ಅವರ ಮಗನಿಗೆ ಸುಲಭವಾಗಿತ್ತು. ಅಜ್ಜ ಜಗಲಿಯ ತುದಿಯಲ್ಲಿ ಕೂತು, ನನ್ನ ಮುಖ ನೋಡದೆ, “ನೀನು ಹೇಳ್ಬೇಡ, ನಾವೂ ಹೇಳುವುದಿಲ್ಲ. ಮಗು ನಿನ್ನ ಹತ್ತಿರ ಇರಲಿ,” ಎಂದರು. ನಾನು ಒಪ್ಪಿದೆ. ಹದಿನಾಲ್ಕು ವರ್ಷ ಬಾಯಿ ಮುಚ್ಚಿಕೊಂಡದ್ದು ಆ ಮಾತಿಗೆ. ಈಗ ನಿನ್ನ ಅಪ್ಪ ನಿನ್ನನ್ನು ಕರೆಯಲು ಬಂದಿದ್ದಾರೆ, ಮಾತು ಮೊದಲು ಮುರಿದದ್ದು ನಾನಲ್ಲ.

ಹೋಗಬೇಡ ಎಂದು ನಾನು ಬರೆಯುವುದಿಲ್ಲ. ನಿನಗೆ ಹದಿನೆಂಟು ಆಯಿತು, ಬೇಡ ಎಂದರೆ ಮೊದಲು ಅದನ್ನೇ ಮಾಡುವ ಪ್ರಾಯ. ಅವರು ಬದಲಾಗಿರಬಹುದು. ನಿನ್ನನ್ನು ನೋಡಿ ನಿಜವಾಗಿಯೇ ಮರುಗಿರಬಹುದು. ನಾನು ಬರೆದದ್ದೆಲ್ಲ ಸುಳ್ಳು, ನಿನ್ನ ಅಮ್ಮನಿಗೆ ತಲೆ ಸರಿ ಇಲ್ಲ ಎಂದೂ ಹೇಳಬಹುದು. ನೀನು ಯಾರನ್ನು ನಂಬುತ್ತೀ ಎಂಬುದೇ ಈಗ ನನ್ನ ಭಯ. ಭಾನುವಾರ ಮೊದಲ ಬಸ್ಸಿಗೆ ಹೊರಟು ನಿನ್ನ ಗೇಟಿನ ಎದುರು ಬಂದು ನಿಲ್ಲುತ್ತೇನೆ. ಅವರ ಕಾರು ಹತ್ತುವುದಾದರೆ ಹತ್ತು. ನನ್ನ ಜೊತೆ ಬರುವುದಾದರೆ ಬಾ, ಬಂಗುಡೆ ಮೀನು ತಂದು ಸಾರು ಮಾಡಿಟ್ಟಿರುತ್ತೇನೆ.

ಈ ಸಲ ನಾನು ಬಣ್ಣವನ್ನು ನಂಬಲಿಲ್ಲ. ಪೊಟ್ಟಣವನ್ನು ಸುತ್ತಲೂ ಹೊಲಿದು, ನಿನ್ನ ಹೆಸರನ್ನು ಎರಡೂ ಬದಿಗೆ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.

ನಿನ್ನ ಅಮ್ಮ,
ಕಾಂತಿ

ತಾ.ಕ.: ಪರ್ಸಿನ ಝಿಪ್ ತೆಗೆದರೆ ಒಳಗೆ ಉದ್ದಕ್ಕೆ ಒಂದು ಸಣ್ಣ ಕಿಸೆ ಇದೆ. ಎರಡು ಬೆರಳು ಹೆಚ್ಚು ಹೆಣೆದದ್ದು ಅದಕ್ಕೆ. ಅದರಲ್ಲಿ ನನ್ನ ಕಡ್ಡಿ ಇಟ್ಟಿದ್ದೇನೆ, ಜಾಗ್ರತೆಯಿಂದ ತೆಗೆ. ಆ ದಿನ ಅದನ್ನು ಮುಷ್ಟಿಯಲ್ಲಿ ಹಿಡಿದೇ ಜೀಪು ಹತ್ತಿದ್ದೆ. ಆಸ್ಯಮ್ಮ ನನ್ನ ಬೆರಳು ಬಿಡಿಸಿ, ಅದನ್ನು ಕುದಿಯುವ ನೀರಿಗೆ ಹಾಕಿ ತೊಳೆದು ಕೊಟ್ಟರು. ಬೇರೆ ಕಡ್ಡಿ ನಾನು ಕೊಂಡದ್ದೇ ಇಲ್ಲ. ಇಷ್ಟು ವರ್ಷ ಅಂಗಡಿಗೆ ಕೊಟ್ಟ ತೊಪ್ಪಿಗಳೆಲ್ಲ, ನಿನ್ನ ಸ್ವೆಟರ್, ಈಗ ಈ ಪರ್ಸ್, ಎಲ್ಲ ಅದರಲ್ಲೇ. ಅಪ್ಪ ಹೇಳಿದ ಕಬ್ಬಿಣದ ತುಂಡು ಇದೇ. ಕಾರು ಹತ್ತುವ ಮೊದಲು ಅವರಿಗೆ ತೋರಿಸು, ಏನೂ ಕೇಳಬೇಡ, ಮುಖ ಮಾತ್ರ ನೋಡು. ಒಂದು ಕಣ್ಣಿದ್ದರೂ ಅವರು ಗುರುತು ಹಿಡಿಯುತ್ತಾರೆ.