ಪಾಲಿನ ಹೊಲಕ್ಕೆ ಗೋಡು

ಮುಂಡಗೋಡ
12-4-1965, ಸೋಮವಾರ

ತಂಗಿ ನೀಲಕ್ಕನಿಗೆ ಅಕ್ಕ ಕಾಶೆವ್ವನ ಆಶೀರ್ವಾದ.

ಇವತ್ತು ಸೋಮವಾರದ ಒಪ್ಪತ್ತು. ಕೊಟ್ಟಿಗೆ ಬಳಿದು, ಸಗಣಿ ತಿಪ್ಪೆಗೆ ಹಾಕಿ, ಲಿಂಗಪೂಜೆ ಮುಗಿಸಿ ಬರೆಯಲು ಕುಳಿತಿದ್ದೇನೆ. ಯುಗಾದಿಗೆ ನೀನು ಕಳಿಸಿದ ಶಾವಿಗೆ ಮುಟ್ಟಿತು. ಆಗಲೇ ಬರೆಯಬೇಕಿತ್ತು. ಸಿಟ್ಟು ಇಳಿಯಲಿ ಎಂದು ಕಾದೆ, ಇನ್ನೂ ಇಳಿದಿಲ್ಲ. ಮೊಣಕಾಲ ನೋವಿಗೆ ಎಕ್ಕದ ಎಲೆ ಬಿಸಿ ಮಾಡಿ ಕಟ್ಟು.

ಅವ್ವ ನಿನ್ನ ಲಗ್ನದಲ್ಲಿ ಅರಿಷಿಣ-ಕುಂಕುಮಕ್ಕೆಂದು ಕೊಟ್ಟದ್ದು ಗುಡ್ಡದ ಓರೆಯ ಹೊಲ. ನೀನು ಹಳಿಯಾಳಕ್ಕೆ ಹೋದ ಮೇಲೆ ಪಾಲಿಗೆ ಮಾಡುತ್ತ ಬಂದವಳು ನಾನು. ಆಗ ಅದು ಬರೀ ಕೆಂಪು ಹರಳು. ಮೊದಲ ಮಳೆಗೇ ಮೇಲ್ಮಣ್ಣು ಹಳ್ಳ ಸೇರುತ್ತಿತ್ತು. ಒಡ್ಡು ಹಾಕಿಸಿದೆ, ಕುರಿಹಿಂಡು ನಿಲ್ಲಿಸಿದೆ, ಬೇಸಿಗೆ ಬಂದರೆ ಬತ್ತಿದ ಕೆರೆಯ ತಳದ ಗೋಡುಮಣ್ಣು ಹೇರಿದೆ. ಪಾಲಿನ ಹೊಲಕ್ಕೆ ನಮ್ಮಲ್ಲಿ ಯಾರೂ ಗೋಡು ಹಾಕುವುದಿಲ್ಲ, ಅದು ಒಡೆಯರ ಕೆಲಸ. ನೆರೆಯ ಸತ್ತೆವ್ವ ನಗುತ್ತಿದ್ದಳು: “ಮಂದಿ ಕೂಸಿಗೆ ಎಷ್ಟರೆ ಹಾಲು ಕುಡಸ್ತೀಯ ಕಾಶೆವ್ವಾ?” ತಂಗಿಯದು ಮಂದಿಯದು ಹೇಗಾಗುತ್ತದೆ ಎಂದಿದ್ದೆ.

ಹೋದ ವಾರ ಗೋಡಿನ ಬಂಡಿ ಹೊಡೆದುಕೊಂಡು ಹೋದರೆ ಹೊಲದಲ್ಲಿ ದುರ್ಗಪ್ಪ ನೇಗಿಲು ಹೂಡಿದ್ದ.

“ಯಾಕೋ ದುರ್ಗಪ್ಪಾ, ಹೊಲ ತಪ್ಪಿ ಬಂದೀಯೇನ?”

“ಇಲ್ರೀ ಅಕ್ಕಾರ. ನೀಲಕ್ಕಾರು ನನ್ನ ಕೂಲಿಗೆ ಹಚ್ಯಾರ. ಇನ್ನ ಮುಂದ ಹೊಲ ಯಾರ ಪಾಲಿಗೂ ಇಲ್ಲಂತ. ನಿಮಗ ಹೇಳಿಲ್ಲೇನ್ರಿ?” ಎಂದವನು ಹೆಂಟೆಯೊಂದನ್ನು ಕೈಯಲ್ಲೇ ಪುಡಿ ಮಾಡಿ, “ಮಣ್ಣು ಮಾತ್ರ ಬೆಣ್ಣಿ ಆಗೇತ್ರಿ,” ಎಂದ.

ಬಂಡಿ ತಿರುಗಿಸೋಣ ಎಂದುಕೊಂಡೆ, ಮನಸ್ಸು ಬರಲಿಲ್ಲ. ಹೊಲ ಏನು ತಪ್ಪು ಮಾಡಿತ್ತು? ಗೋಡನ್ನು ಅಲ್ಲೇ ಸುರಿದು ಬಂದೆ. ಮಳೆಗೆ ಮೊದಲು ಹರಡಲು ಅವನಿಗೆ ಹೇಳು. ಕೆಳಗಿನ ಒಡ್ಡು ಒಂದು ಕಡೆ ಕುಸಿದಿದೆ, ಕಟ್ಟಿಸು.

ಬಸವಣ್ಣ ನಿನ್ನ ಮನೆ-ಮಕ್ಕಳನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ
ಕಾಶೆವ್ವ

ತಾ.ಕ.: ಹೊಲ ಹೋಯಿತೆಂದು ನಾನು ಅಳಲಿಲ್ಲ. ನಿನ್ನ ಮನೆಗೆ ಬಂದುಹೋದ ಸಕ್ಕುಬಾಯಿ ನೀನಾಡಿದ ಮಾತು ಹೇಳಿದಳು: “ಉಳುವವರಿಗೇ ಹೊಲ ಅಂತ ಕಾಯ್ದೆ ಬರತೈತಂತ. ಹೊಲಾ ನುಂಗೂ ಮನಸಿಲ್ಲಂದ್ರ ಅಕ್ಕ ಯಾಕ ಅಷ್ಟು ಗೋಡು ಹೇರ್ತಾಳ?” ನಾನು ಹೊತ್ತು ಹಾಕಿದ ಒಂದೊಂದು ಬುಟ್ಟಿಯಲ್ಲೂ ನಿನಗೆ ಕಳ್ಳತನ ಕಂಡಿತೇ, ನೀಲಾ? ಈ ಮಾತು ನಿನ್ನದು ಹೌದೋ ಅಲ್ಲವೋ, ಅಷ್ಟೇ ಬರೆ. ಮುಂದಿನ ಸಂತೆಗೆ ನನ್ನ ಮಗ ಶೇಖಪ್ಪ ಅಲ್ಲಿಗೆ ಬರುತ್ತಾನೆ. ಉತ್ತರ ಅವನ ಕೈಯಲ್ಲಿ ಕೊಡು. ತಾರದೆ ಮನೆಗೆ ಬರಬೇಡ ಎಂದು ಅವನಿಗೆ ಹೇಳಿದ್ದೇನೆ.