ಇಬ್ಬರು ಕೂತರೆ ಹಿಡಿಯದ ಬ್ರೇಕು

ಯಾಯಿಜು,
ಮೇ ೯, ೨೦೦೪

ಸಮುದ್ರದ ಮೇಲಿರುವ ನನ್ನ ಶಿಗೆರು ಅವರಿಗೆ,

ಹೇಗಿದ್ದೀರಿ? ಗಾಳ ಚುಚ್ಚಿದ ಬೆರಳು ವಾಸಿಯಾಯಿತೇ? ಉಪ್ಪುನೀರು ಸೋಕಿಸಬೇಡಿ ಎಂದು ನಿಮಗೆ ಹೇಳಿದರೂ ಒಂದೇ, ನೀವು ಹಿಡಿಯುವ ಟ್ಯೂನಾ ಮೀನಿಗೆ ಹೇಳಿದರೂ ಒಂದೇ. ನಿಮ್ಮ ದೋಣಿಗೆ ಎಣ್ಣೆ, ಅಕ್ಕಿ ಒಯ್ಯುವ ಹಡಗು ಈ ವಾರ ಹೊರಡುತ್ತದಂತೆ. ಅದರಲ್ಲಿ ಉಪ್ಪು ಹಾಕಿದ ಉಮೆ ಕಾಯಿ, ಉಣ್ಣೆಯ ಕಾಲುಚೀಲ, ಈ ಕಾಗದ, ಮೂರೂ ಬರುತ್ತವೆ. ಅತ್ತೆ ಆರೋಗ್ಯವಾಗಿದ್ದಾರೆ, ದಿನಾ ನನ್ನನ್ನು ಬೈಯುವಷ್ಟು ಆರೋಗ್ಯವಾಗಿದ್ದಾರೆ. ಚಹಾದ ಮೊದಲ ಚಿಗುರು ಬಂದಿದೆ. ಒಂದು ಪೊಟ್ಟಣ ನಿಮಗಾಗಿ ಎತ್ತಿಟ್ಟಿದ್ದೆ, ಆಮೇಲೆ ಸಿಟ್ಟಿನಲ್ಲಿ ನಾನೇ ಕುದಿಸಿ ಕುಡಿದೆ. ಸಿಟ್ಟು ಯಾಕೆ ಎಂದು ಹೇಳುತ್ತೇನೆ.

ಹೋದ ತಿಂಗಳು ಒಂದು ಭಾನುವಾರ ಮಾಸುಮಿ ಬಂದಳು. ಹೌದು, ತೀರಿಕೊಂಡ ನಿಮ್ಮ ಗೆಳೆಯ ತೊಕುಜಿಯ ತಂಗಿ, ಅಣ್ಣನ ಹಳೆಯ ಮೋಟಾರ್‌ಸೈಕಲ್ಲನ್ನು ನಿಮಗೆ ಮಾರಿದವಳು. ಕೈಯಲ್ಲೊಂದು ಉದ್ದನೆಯ ಡಬ್ಬ. ಒಳಗೆ ಉಕ್ಕಿನ ಜಾಲರಿ ಹೆಣೆದ, ಬೆಳ್ಳಿಯ ಹಾವಿನಂತೆ ಹೊಳೆಯುವ ಬ್ರೇಕ್ ಕೊಳವೆಗಳು. "ಹಳೇ ರಬ್ಬರಿಂದು ತೆಗೆದು ಇದನ್ನ ಹಾಕ್ಬೇಕು ಅಂತ ಶಿಗೆರು ಅವರೇ ಅಳತೆ ಕೊಟ್ಟು ಮಾಡಿಸಿದ್ರು. ನಮ್ಮನೆ ವಿಳಾಸಕ್ಕೇ ಬಂತು," ಎಂದಳು. ನಮ್ಮ ಬೈಕಿನ ಬ್ರೇಕ್ ಕೊಳವೆ ಅವಳ ಮನೆಗೆ ಯಾಕೆ ಬರಬೇಕು? ಅದರ ಅಳತೆ ಅವಳಿಗೆ ಗೊತ್ತು, ನಿಮ್ಮ ಒಳಅಂಗಿಯ ಅಳತೆ ಮಾತ್ರ ಬಲ್ಲ ನನಗೆ ಗೊತ್ತಿಲ್ಲ! "ನಾನೇ ಹಾಕಿಕೊಡ್ಲಾ? ಅಣ್ಣನ ಜೊತೆ ಎಷ್ಟೋ ಸಲ ಬಿಚ್ಚಿದೀನಿ," ಎಂದು ಆಗಲೇ ತೋಳು ಮಡಚಿದ್ದಳು. ಎಷ್ಟು ಸಲೀಸಾಗಿ ನಮ್ಮ ಶೆಡ್ಡಿನ ಕಡೆ ಹೆಜ್ಜೆ ಹಾಕಿದಳು ಗೊತ್ತೇ? ದೀಪದ ಗುಂಡಿ ಬಾಗಿಲ ಹಿಂದೆ ಇದೆಯೆಂದು ಹೊಸಬರಿಗೆ ತಿಳಿಯುವುದಿಲ್ಲ. ಅವಳ ಕೈ ಸೀದಾ ಅಲ್ಲಿಗೇ ಹೋಯಿತು.

"ಬೇಡಮ್ಮಾ, ನಮ್ಮನೇದು ನಾವು ನೋಡ್ಕೋತೀವಿ," ಎಂದು ಡಬ್ಬ ಕಸಿದುಕೊಂಡು ಕಳಿಸಿಬಿಟ್ಟೆ. ಅತ್ತೆ ಒಳಗಿಂದಲೇ, "ನೀನು ಸೈಕಲ್ ಚೈನೇ ಹಾಕ್ಲಾರೆ, ಅದನ್ನೇನು ನೋಡ್ಕೋತೀಯೆ? ಒಲೆ ಮೇಲಿನ ಸಾರು ನೋಡ್ಕೋ ಮೊದ್ಲು," ಎಂದರು.

ಕಾರ್ಖಾನೆಯಲ್ಲಿ ಇಡೀ ದಿನ ಬೊನಿಟೊ ಮೀನಿನ ಮುಳ್ಳನ್ನು ಚಿಮಟದಲ್ಲಿ ಕೀಳುವ ಕೈ ನನ್ನದು, ನಾಲ್ಕು ಬೋಲ್ಟಿಗೆ ಹೆದರುತ್ತದೆಯೇ? ಬಿಚ್ಚಿದೆ. ಹಳೆಯ ಕೊಳವೆ ಬಗ್ಗಿಸಿದರೆ ಒಣಗಿದ ಗದ್ದೆಯಂತೆ ಬಿರುಕು ಬಿಟ್ಟಿತು. ಹೊಸದು ಸೊಗಸಾಗಿ ಕೂತಿತು. ಆದರೆ ಬೋಲ್ಟಿನ ಎರಡೂ ಬದಿಗೆ ಇಡುವ ತಾಮ್ರದ ಬಿಲ್ಲೆ ಪ್ರತಿಸಲ ಹೊಸದೇ ಬೇಕು ಎಂದು ನನಗೇನು ಗೊತ್ತು? ಹಳೆಯದನ್ನೇ ಹಾಕಿ, ಎಣ್ಣೆ ತುಂಬಿ, ಬ್ರೇಕಿನ ಹಿಡಿಯನ್ನು ಜೋರಾಗಿ ಅದುಮಿದೆ. ಬ್ರೇಕ್ ಎಣ್ಣೆ ಚಿಮ್ಮಿ ಟ್ಯಾಂಕಿನ ಮೇಲೆಲ್ಲ ಹರಿಯಿತು. ಬಟ್ಟೆ ಹುಡುಕಿ ತರುವಷ್ಟರಲ್ಲಿ ಆ ನೀಲಿ ಬಣ್ಣ ಸುಟ್ಟ ಚರ್ಮದಂತೆ ಗುಳ್ಳೆಯೆದ್ದಿತ್ತು. ನೀವು ನನ್ನ ಕೆನ್ನೆಗಿಂತ ಹೆಚ್ಚು ಸವರಿದ ಟ್ಯಾಂಕು ಅದು. ಅಯ್ಯೋ ಎನ್ನಿಸಿತು, ಅದರ ಹಿಂದೆಯೇ, ಸುಳ್ಳೇಕೆ, ಒಂದಿಷ್ಟು ಖುಷಿಯೂ ಆಯಿತು.

ಕೊನೆಗೆ ಮಾನ ಬಿಟ್ಟು ಮಾಸುಮಿಗೇ ಫೋನ್ ಮಾಡಿದೆ. ಹೊಸ ತಾಮ್ರದ ಬಿಲ್ಲೆ ಜೇಬಿನಲ್ಲಿ ಹಾಕಿಕೊಂಡೇ ಬಂದಳು. ನಾನು ಹೀಗೇ ಮಾಡುತ್ತೇನೆಂದು ಮೊದಲೇ ಗೊತ್ತಿತ್ತೇನೋ! ಟ್ಯಾಂಕು ನೋಡಿದಳು, ತೋಳು ಮಡಚಿ ಸೀದಾ ಕೆಲಸಕ್ಕೆ ಕೂತಳು. ಅದಕ್ಕೂ ಹೊಟ್ಟೆ ಉರಿಯಿತು. ಕೊಳವೆಯೊಳಗಿನ ಗಾಳಿ ತೆಗೆಯಲು ಇಬ್ಬರು ಬೇಕು, ಒಬ್ಬರು ಹಿಡಿ ಅದುಮಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಕೂತು ತಿರುಪು ಬಿಚ್ಚಿ ಮುಚ್ಚಬೇಕು. "ಅದುಮಿ ಅಕ್ಕಾ... ಬಿಡ್ಬೇಡಿ, ಬಿಡ್ಬೇಡಿ... ಹ್ಞಾಂ, ಈಗ ಬಿಡಿ." ಗುಳ್ಳೆಗಳು ಒಂದೊಂದಾಗಿ ಬಂದು ನಿಂತವು. ಮೆತ್ತಗಿದ್ದ ಹಿಡಿ ಕಲ್ಲಿನಂತೆ ಗಟ್ಟಿಯಾಯಿತು. ಅವಳು ಮುಖ ಒರೆಸಿಕೊಂಡು, "ಸದ್ಯ! ಇನ್ಮೇಲೆ ಹಿಂದೆ ಒಬ್ರು ಕೂತ್ರೂ ಘಾಟೀಲಿ ಜಾರಲ್ಲ," ಎಂದಳು.

ನನ್ನ ಕೈ ಹಿಡಿಯ ಮೇಲೆಯೇ ನಿಂತಿತು. ರೀ, ಆ ಬೈಕು ಮನೆಗೆ ಬಂದಾಗಿನಿಂದ ನನ್ನನ್ನೂ ಕೂರಿಸಿಕೊಂಡು ಹೋಗಿ ಎಂದು ಎಷ್ಟು ಸಲ ಕೇಳಿದೆ? "ಇಬ್ರು ಕೂತ್ರೆ ಬ್ರೇಕ್ ಹಿಡಿಯಲ್ಲ, ಫುಸಾಕೊ," ಎಂದಿರಿ. ಹಳೇ ಗಾಡಿ, ಪಾಪ, ಎಂದು ನಂಬಿದೆ. ಇಬ್ಬರು ಕೂತರೆ ಹಿಡಿಯುವುದಿಲ್ಲವೆಂದು ನಿಮಗೆ ಗೊತ್ತಾಗಿದ್ದಾದರೂ ಹೇಗೆ?

"ಯಾರು ಕೂತಿದ್ರು?" ಎಂದು ಕೇಳಿದೆ.

ಮಾಸುಮಿ ಸುಳ್ಳು ಹೇಳಲಿಲ್ಲ, ಅಷ್ಟು ಒಳ್ಳೆಯತನ ಅವಳಿಗಿದೆ. "ನಾನೇ. ಒಂದೇ ಸಲ. ಅಣ್ಣನ ವರ್ಷದ ಪೂಜೆ ಆದ್ಮೇಲೆ, ಅವನು ಓಡಿಸ್ತಿದ್ದ ದಾರೀಲಿ ಒಂದ್ಸಲ ಹೋಗ್ಬೇಕು ಅಂತ ನಾನೇ ಗೋಗರೆದೆ. ಉತ್ಸುನೊಯಾ ಇಳಿಜಾರಲ್ಲಿ ಬ್ರೇಕ್ ಹೋಗ್ಬಿಡ್ತು. ಎರಡು ತಿರುವು ಹಂಗೇ ಹೋದ್ವಿ. ಚಹಾ ತೋಟದ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸಿದ್ರು. ನಿಮಗೆ ಹೇಳಿದ್ರೆ ಗಾಡೀನೇ ಮಾರಿಸ್ತೀರಾ ಅಂತ ಹೆದರಿದ್ರು." ಕೈಯ ಎಣ್ಣೆ ಒರೆಸಿಕೊಳ್ಳುತ್ತ, "ಸೊಂಟ ಗಟ್ಟಿ ಹಿಡ್ಕೊಂಡಿದ್ದೆ ಅಕ್ಕಾ. ಕ್ಷಮಿಸಿ," ಎಂದಳು.

ನಿಮ್ಮಿಬ್ಬರ ನಡುವೆ ಏನೂ ಇಲ್ಲವೆಂದು ನನಗೆ ಗೊತ್ತು. ಏನಾದರೂ ಇದ್ದಿದ್ದರೆ ಬೈದು, ಅತ್ತು, ಅತ್ತೆಯನ್ನು ಎತ್ತಿಕಟ್ಟಿ ಗೆಲ್ಲಬಹುದಿತ್ತು. ಆದರೆ ಸಾಯುತ್ತೇವೆ ಎಂದು ನಿಮಗನ್ನಿಸಿದ ಆ ಎರಡು ತಿರುವುಗಳಲ್ಲಿ ನಿಮ್ಮ ಬೆನ್ನಿಗೆ ಅಂಟಿಕೊಂಡಿದ್ದವಳು ಅವಳು. ನಾನು ಆ ಹೊತ್ತಿಗೆ ಮೀನಿನ ಮುಳ್ಳು ಕೀಳುತ್ತಿದ್ದೆ. ವರ್ಷದಲ್ಲಿ ಹತ್ತು ತಿಂಗಳು ಸಮುದ್ರ ನಿಮ್ಮನ್ನು ಹೆದರಿಸುತ್ತದೆ, ಉಳಿದದ್ದರಲ್ಲಿ ಒಂದು ಹೆದರಿಕೆಯಾದರೂ ನನ್ನ ಪಾಲಿಗೆ ಬರಬಾರದಿತ್ತೇ? ಇಷ್ಟು ಮಾತ್ರ ಹೇಳಿಕೊಂಡು ಅತ್ತೆಯ ಮುಂದೆ ಅತ್ತುಬಿಟ್ಟೆ. ಅವರು, "ಸಾಯೋದಕ್ಕೂ ಸರದಿ ನಿಲ್ತಾಳಂತೆ, ಹುಚ್ಚಿ," ಎಂದು ಬಿಸಿ ಸಾರು ಬಡಿಸಿದರು.

ಮಾಸುಮಿಯನ್ನು ಊಟಕ್ಕೆ ನಿಲ್ಲಿಸಿಕೊಂಡೆ. ಮೀನು ಅರೆದು ತಟ್ಟಿದ ಕಪ್ಪು ಬಿಲ್ಲೆ ಹುರಿದು ಹಾಕಿದೆ, ಚೆನ್ನಾಗಿಯೇ ತಿಂದಳು. ಅವಳಿಗೆ ಅಣ್ಣನಿಲ್ಲದ ಮನೆ, ನನಗದು ಅರ್ಥವಾಗುತ್ತದೆ. ಅರ್ಥವಾದರೂ ಹೊಟ್ಟೆಕಿಚ್ಚು ಆರಿಲ್ಲ. ಆರುತ್ತದೆ ಎಂದು ನಿಮಗೆ ಮಾತು ಕೊಡಲಾರೆ.

ನಿಮ್ಮಮ್ಮನ ಆಶೀರ್ವಾದ. ಬೆರಳಿಗೆ ಬಟ್ಟೆ ಕಟ್ಟಿಕೊಳ್ಳಿ.

ನಿಮ್ಮವಳೇ ಆದ,
ಫುಸಾಕೊ

ಮರೆತ ವಿಷಯ: ಹಡಗಿಗೆ ಕೊಡಲು ಓಡುತ್ತಿದ್ದೇನೆ, ಒಂದೇ ಮಾತು. ಬ್ರೇಕ್ ಹೋದಾಗ ನೀವು ಯಾವುದೋ ಹೆಸರು ಹಿಡಿದು ಕೂಗಿದಿರಂತೆ, ಗಾಳಿಯಲ್ಲಿ ಮಾಸುಮಿಗೆ ಕೇಳಿಸಲಿಲ್ಲವಂತೆ. ಯಾರ ಹೆಸರು? ಬೇರೆ ಯಾವುದಕ್ಕೂ ಉತ್ತರ ಬೇಡ, ಇದಕ್ಕೆ ಮಾತ್ರ ಬರೆಯಿರಿ. ಸುಳ್ಳಾದರೂ ಸರಿ, ನನ್ನದೇ ಎಂದು ಬರೆಯಿರಿ.