ಮೂರನೆಯ ಮುಳ್ಳು

ಬೆಂಗಳೂರು
12 ಫೆಬ್ರುವರಿ 2026

ಅಪ್ಪಾ, ಸಿಕ್ಕಿಬಿಟ್ಟಿತು! ನಾಲ್ಕು ವರ್ಷ ನನ್ನನ್ನು ಸತಾಯಿಸಿದ ಹೋಲ್ಮಿಯಂ ಮಿಶ್ರಲೋಹ ಮಂಗಳವಾರ ಕೊನೆಗೂ ಒಂದು ಕ್ರಮಕ್ಕೆ ಬಂತು!

ನೋಡಿ, ನಮಸ್ಕಾರ ಹೇಳುವುದೇ ಮರೆತೆ. ನಿಮಗೂ ಅಮ್ಮನಿಗೂ ನಮಸ್ಕಾರ. ಮದುವೆಯಾಗಿ ಎರಡೂವರೆ ತಿಂಗಳ ಮೇಲೆ ಮೊದಲ ಪತ್ರ, ಕ್ಷಮಿಸಿ. ನನ್ನ ಫೋನ್ ನೀವು ಎತ್ತುವುದಿಲ್ಲ. ಪತ್ರವನ್ನಾದರೂ ಒಡೆಯುತ್ತೀರಿ ಅಂದುಕೊಂಡೆ. ಕಾನ್ವೆಂಟ್ ಹುಡುಗಿಯ ಕನ್ನಡ ಇದು, ಮೇಷ್ಟರು ಕೆಂಪು ಪೆನ್ನು ಹಿಡಿದೇ ಓದಿ!

ನೆನಪಿದೆಯಾ, ನಾನು ಆರನೇ ಕ್ಲಾಸಿನಲ್ಲಿದ್ದಾಗ ನಿಮ್ಮ ಸ್ಕೂಲಿನ ಲ್ಯಾಬಿನಿಂದ ಮೂರು ದಿಕ್ಸೂಚಿ ತಂದು ಊಟದ ಟೇಬಲ್ಲಿನ ಮೇಲೆ ತ್ರಿಕೋನವಾಗಿ ಇಟ್ಟಿರಿ? "ಪ್ರತಿ ಮುಳ್ಳೂ ಪಕ್ಕದ ಮುಳ್ಳಿಗೆ ಉಲ್ಟಾನೇ ನಿಲ್ತೀನಿ ಅಂತ ಹಟ ಹಿಡಿದ್ರೆ, ಮೂರನೇದು ಏನು ಮಾಡಬೇಕು ಹೇಳು" ಅಂದಿರಿ. ಉತ್ತರ ಗೊತ್ತಾಗದೆ ಅತ್ತುಬಿಟ್ಟಿದ್ದೆ. ನನ್ನ ಲೋಹದ ಪರಮಾಣುಗಳೂ ಅಂಥದೇ ತ್ರಿಕೋನಗಳಲ್ಲಿ ಕೂತಿವೆ. ಒಂದೊಂದೂ ಪುಟ್ಟ ಆಯಸ್ಕಾಂತ. ಅದೇ ಹಟ.

ಡಿಸೆಂಬರಿನಲ್ಲಿ ಗಂಡನ ಮನೆಗೆ, ಯಲಿಯೂರಿಗೆ ಓಡುವ ಅವಸರ ನನಗೆ. ನೀವು ಇನ್ನೂ ಅಳಿಯ ಅನ್ನದ ಶಶಿಧರ್ ಸ್ಟೇಷನ್ನಿನಲ್ಲಿ ಕಾಯುತ್ತಿದ್ದರು, ನಗಬೇಡಿ! ಲೋಹವನ್ನು ಬೇಗಬೇಗ ತಣಿಸಿದೆ. ಎಲ್ಲವೂ ಒಂದೊಂದು ಕಡೆ ಮುಖ ತಿರುಗಿಸಿಕೊಂಡು ಹಾಗೇ ಹೆಪ್ಪುಗಟ್ಟಿದವು. ಈ ಸಲ ವಾರವಿಡೀ ಕೂತು ನಿಧಾನವಾಗಿ ತಣಿಸಿದೆ. ಸೊನ್ನೆಗಿಂತ ಇನ್ನೂರ ಎಪ್ಪತ್ತು ಡಿಗ್ರಿ ಕೆಳಗೆ ಗ್ರಾಫು ಚೂಪಾಗಿ ಎದ್ದು ನಿಂತಿತು. ಲೆಕ್ಕ ಹಾಕಿ ನೋಡಿದರೆ ಯಾವ ಮುಳ್ಳೂ ಗೆದ್ದಿಲ್ಲ ಅಪ್ಪ. ಮೂರೂ ಸಮಸಮವಾಗಿ ಓರೆಯಾಗಿವೆ.

ಅತ್ತೆ ಹೊಂಬಾಳಮ್ಮನವರಿಗೆ ಫೋನಿನಲ್ಲಿ ಹೇಳಿದೆ. "ಅಷ್ಟು ತಣ್ಣಗ್ ಮಾಡಕೆ ಫ್ರಿಜ್ಜು ಸಾಲ್ದೇನವ್ವಾ?" ಅಂದರು! ಎಲ್ಲ ಬಿಡಿಸಿ ಹೇಳಿದ ಮೇಲೆ, "ಅಂಗಾರೆ ಮೂವರೂ ಒಸಿ ಒಸಿ ಬಗ್ಗವ್ರೆ ಅನ್ನು. ನಿಮ್ಮಪ್ಪಾರ್ಗೆ ಮೊದ್ಲು ತಿಳ್ಸು ಕಣವ್ವ, ಕಲ್ಸಿದ್ದು ಅವ್ರಲ್ವಾ" ಅಂದರು.

ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡಿ. ಇಬ್ಬರೂ ನನ್ನನ್ನು ಹರಸಿ.

ನಿಮ್ಮ
ರಂಜನಿ

ತಾ.ಕ.: ಧಾರೆಯ ಹೊತ್ತಿನಲ್ಲಿ ನಿಮ್ಮ ಜಾಗದಲ್ಲಿ ಕೃಷ್ಣಪ್ರಸಾದ್ ಚಿಕ್ಕಪ್ಪ ನಿಂತಿದ್ದರು. ಕೈಮೇಲೆ ನೀರು ಬೀಳುತ್ತಿದ್ದರೂ ನಾನು ಛತ್ರದ ಬಾಗಿಲನ್ನೇ ನೋಡುತ್ತಿದ್ದೆ. ನಾನೂ ಅವಸರ ಮಾಡಿದೆ ಅಪ್ಪ. ನಿಮಗೆ ವಿಷಯ ಹೇಳಿ ಮೂರೇ ವಾರಕ್ಕೆ ಮದುವೆಯಾದೆ. ಈಗ ಟಿಕೆಟ್ ಯಲಿಯೂರಿಗೆ ತೆಗೆಯುತ್ತೇನೆ. ಆದರೆ ಅದಕ್ಕೂ ಮೊದಲು ನಮ್ಮ ಮಂಡ್ಯದಲ್ಲಿ ರೈಲು ಎರಡು ನಿಮಿಷ ನಿಲ್ಲುತ್ತದೆ. ನೀವು ಪ್ಲಾಟ್‌ಫಾರಂ ಮೇಲೆ ಕಂಡರೆ ಅಲ್ಲೇ ಇಳಿದುಬಿಡುತ್ತೇನೆ. ಭಾನುವಾರ, ಇಪ್ಪತ್ತೆರಡನೇ ತಾರೀಕು, ಬೆಳಗಿನ ಮೈಸೂರು ಮೆಮು.